ಎಂಟು ಗಂಟೆಯ ಭಯ

ಶಾಲಾ ಮಕ್ಕಳ ಆಟೋಟದ ಗಾಯಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಐದು ಕಂಬಗಳ ಗ್ರಾಫ್ ಇದೆ. ರಾತ್ರಿ ಐದು, ಆರು, ಏಳು, ಎಂಟು, ಒಂಬತ್ತು ಗಂಟೆ ಮಲಗುವ ಮಕ್ಕಳಲ್ಲಿ ಯಾರಿಗೆ ಎಷ್ಟು ಗಾಯದ ಸಂಭವ ಎಂಬುದನ್ನು ಆ ಕಂಬಗಳ ಎತ್ತರ ಹೇಳುತ್ತದೆ. ಆರರಿಂದ ಒಂಬತ್ತರ ಕಡೆಗೆ ಸಾಗಿದಂತೆ ಕಂಬಗಳು ಒಂದೊಂದಾಗಿ ಗಿಡ್ಡವಾಗುತ್ತವೆ. ಐದರ ಕಂಬವೊಂದು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅದು ಆರರದ್ದಕ್ಕಿಂತ ಗಿಡ್ಡ. ಮೂರು ವರ್ಷದ ನಂತರ ಅದೇ ಗ್ರಾಫ್ ಒಂದು ಜನಪ್ರಿಯ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಇದ್ದದ್ದು ನಾಲ್ಕೇ ಕಂಬ.

ಪುಸ್ತಕದ ಹೆಸರು 'ವೈ ವಿ ಸ್ಲೀಪ್'. ಬರೆದವರು ಮ್ಯಾಥ್ಯೂ ವಾಕರ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನರವಿಜ್ಞಾನ ಮತ್ತು ಮನೋವಿಜ್ಞಾನದ ಪ್ರಾಧ್ಯಾಪಕರು. 2017ರಲ್ಲಿ ಬಂದ ಈ ಪುಸ್ತಕ ದೇಶ ದೇಶಗಳಲ್ಲಿ ಬಿಸಿ ದೋಸೆಯಂತೆ ಮಾರಾಟವಾಯಿತು. 2019ರ ಅವರ ಟೆಡ್ ಭಾಷಣವನ್ನು ನೋಡಿದವರು ಕೋಟಿ ಮೀರಿದ್ದಾರೆ. ನಿದ್ದೆಯ ಬಗ್ಗೆ ಇವತ್ತು ನಮ್ಮ ಮೊಬೈಲಿಗೆ ಬಂದು ಬೀಳುವ ಎಷ್ಟೋ 'ವೈಜ್ಞಾನಿಕ' ಎಚ್ಚರಿಕೆಗಳ ಬೇರು ಹುಡುಕುತ್ತ ಹೋದರೆ ಸಿಗುವುದು ಇವೆರಡೇ. ಆರು ಗಂಟೆಗಿಂತ ಕಡಿಮೆ ಮಲಗಿದರೆ ಕ್ಯಾನ್ಸರ್ ದುಪ್ಪಟ್ಟು, ಒಂದು ರಾತ್ರಿ ನಿದ್ದೆಗೆಟ್ಟರೆ ರೋಗನಿರೋಧಕ ಶಕ್ತಿ ಮುಕ್ಕಾಲು ಪಾಲು ಮಾಯ, ನಿದ್ದೆ ಕಡಿಮೆಯಾದಷ್ಟೂ ಆಯುಸ್ಸು ಕಡಿಮೆ ಎಂಬಂಥವು.

ವಾಕರ್ ಮಾಡಿದ ಉಪಕಾರವನ್ನು ಮೊದಲು ಹೇಳಿಬಿಡಬೇಕು. ನಿದ್ದೆಗೆಡುವುದೇ ಸಾಹಸ, ನಾಲ್ಕು ಗಂಟೆ ಮಲಗುವವನೇ ಕರ್ಮಯೋಗಿ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, ಅದು ಪೆದ್ದತನ ಎಂದು ನೇರವಾಗಿ ಹೇಳಿದವರು ಅವರು. ಸೊಗಸಾಗಿ ಬರೆಯುತ್ತಾರೆ. ವೇದಿಕೆಯ ಮೇಲೆ ಇನ್ನೂ ಸೊಗಸಾಗಿ ಮಾತಾಡುತ್ತಾರೆ. ತೊಂದರೆ ಹುಟ್ಟುವುದೂ ಆ ಸೊಗಸಿನಲ್ಲೇ. ಐದರ ಕಂಬ ಇದ್ದಿದ್ದರೆ ಗ್ರಾಫಿನ ಅಂದ ಕೆಡುತ್ತಿತ್ತು.

ಆ ಅಧ್ಯಯನದಲ್ಲಿದ್ದದ್ದು ಒಟ್ಟು 112 ಮಕ್ಕಳು. ಬೆಳೆಯುವ ವಯಸ್ಸಿನಲ್ಲಿ ಐದೇ ಗಂಟೆ ಮಲಗುವವರು ಅವರಲ್ಲಿ ಬೆರಳೆಣಿಕೆಯಷ್ಟೇ ಇದ್ದಿರಬೇಕು. ಅಷ್ಟು ಚಿಕ್ಕ ಗುಂಪಿನಲ್ಲಿ ಒಬ್ಬಿಬ್ಬರು ಹೆಚ್ಚು ಕಡಿಮೆಯಾದರೂ ಕಂಬ ಮೇಲೆ ಕೆಳಗೆ ಆಗುತ್ತದೆ. ಹಾಗಾಗಿ ಐದರ ಕಂಬಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ ಎಂದು ಯಾರಾದರೂ ವಾದಿಸಿದರೆ ಅದು ಒಪ್ಪಬಹುದಾದ ವಾದವೇ. ಆದರೆ ಆ ವಾದವನ್ನು ಓದುಗನ ಎದುರು ಮಾಡಬೇಕು. ಕಂಬವನ್ನು ಅಲ್ಲೇ ಬಿಟ್ಟು, ಇದನ್ನು ಯಾಕೆ ನಂಬಬಾರದು ಎಂದು ಎರಡು ಸಾಲು ಬರೆದಿದ್ದರೆ ಓದುಗನಿಗೆ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತಿತ್ತು.

ಕಂಬ ಕಾಣೆಯಾದದ್ದು ಗೊತ್ತಾದದ್ದು 2019ರ ಕೊನೆಯಲ್ಲಿ ಎದ್ದ ಒಂದು ಗಲಾಟೆಯಿಂದ. ಅಲೆಕ್ಸಿ ಗುಜೆ ಎಂಬ, ನಿದ್ರಾವಿಜ್ಞಾನಿಯೇನೂ ಅಲ್ಲದ ಯುವಕ ಪುಸ್ತಕದ ಮೊದಲ ಅಧ್ಯಾಯವನ್ನು ಹಿಡಿದು, ಅದರಲ್ಲಿ ಹೇಳಿದ್ದನ್ನೆಲ್ಲ ಮೂಲ ಸಂಶೋಧನೆಗಳೊಂದಿಗೆ ಹೋಲಿಸಿ ನೋಡಿದ. ಆ ನವೆಂಬರಿನಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದ. ನಿದ್ದೆಗೇಡನ್ನು ವಿಶ್ವ ಆರೋಗ್ಯ ಸಂಸ್ಥೆ ಸಾಂಕ್ರಾಮಿಕವೆಂದು ಘೋಷಿಸಿದೆ ಎಂದು ಪುಸ್ತಕ ಹೇಳುತ್ತದೆ. ಆ ಸಂಸ್ಥೆ ಹಾಗೆ ಘೋಷಿಸಿರಲೇ ಇಲ್ಲ. ಅಂಥ ಮಾತು ಇದ್ದದ್ದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಟಣೆಯಲ್ಲಿ, ಅದನ್ನೂ ಆ ಕೇಂದ್ರ ಆಮೇಲೆ ಬರೀ 'ಸಮಸ್ಯೆ' ಎಂದು ತಗ್ಗಿಸಿತ್ತು. ವಾಕರ್ ಡಿಸೆಂಬರಿನಲ್ಲಿ ಉತ್ತರ ಬರೆದು ಈ ತಪ್ಪನ್ನು ಒಪ್ಪಿಕೊಂಡರು, ಬೇರೆ ಕೆಲವನ್ನು ಸಮರ್ಥಿಸಿಕೊಂಡರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಆ ಕಂಬದ ಬಗ್ಗೆ ಖಾರವಾಗಿಯೇ ಬರೆದರು. ಇಷ್ಟೆಲ್ಲ ಆದರೂ ಪುಸ್ತಕದ ಮಾರಾಟಕ್ಕೆ ಏನೂ ಆಗಲಿಲ್ಲ ಎನ್ನಿ.

ಒಂದೇ ಒಂದು ಅಂಕಿಯನ್ನು ಹತ್ತಿರದಿಂದ ನೋಡೋಣ. ನಮ್ಮ ದೇಹದಲ್ಲಿ ಸೋಂಕು ತಗುಲಿದ ಜೀವಕೋಶಗಳನ್ನೂ ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳನ್ನೂ ಹುಡುಕಿ ಕೊಲ್ಲುವ 'ನ್ಯಾಚುರಲ್ ಕಿಲ್ಲರ್' ಎಂಬ ರಕ್ತಕಣಗಳಿವೆ. ಒಂದು ರಾತ್ರಿ ನಾಲ್ಕೇ ಗಂಟೆ ಮಲಗಿದರೆ ಇವುಗಳ ಚಟುವಟಿಕೆ ಶೇ 70ರಷ್ಟು ಬಿದ್ದುಹೋಗುತ್ತದೆ ಎಂದು ವಾಕರ್ ವೇದಿಕೆಯ ಮೇಲೆ ಹೇಳಿದರು. ಸಭೆ ಬೆಚ್ಚಿತು. ಇದಕ್ಕೆ ಆಧಾರ ಮೈಕೆಲ್ ಇರ್ವಿನ್ ಮತ್ತು ಸಂಗಡಿಗರ 1994ರ ಪ್ರಯೋಗ. ಆರೋಗ್ಯವಂತ 23 ಗಂಡಸರನ್ನು ನಸುಕಿನ ಮೂರರಿಂದ ಏಳು ಗಂಟೆಯವರೆಗೆ ಎಚ್ಚರವಿರಿಸಿ ರಕ್ತ ಪರೀಕ್ಷಿಸಿದರು. 18 ಜನರಲ್ಲಿ ಆ ಕಣಗಳ ಕೊಲ್ಲುವ ಶಕ್ತಿ ಕುಗ್ಗಿತ್ತು. ಸರಾಸರಿಯಾಗಿ ಅದು ಮೊದಲಿದ್ದುದರ ಶೇ 72ಕ್ಕೆ ಇಳಿದಿತ್ತು.

ಶೇ 72ಕ್ಕೆ ಇಳಿಯಿತು ಅಂದರೆ ಕಳೆದುಹೋದದ್ದು ಶೇ 28. ಉಳಿದದ್ದನ್ನು ಹೋದದ್ದೆಂದು ಓದಿದರೆ ಮಾತ್ರ ಎಪ್ಪತ್ತರ ಲೆಕ್ಕ ಸಿಗುತ್ತದೆ. ಅಷ್ಟೇ ಅಲ್ಲ, ಉಳಿದ ಐದು ಜನರಲ್ಲಿ ಇಳಿಕೆಯೇ ಇರಲಿಲ್ಲ. ಮರುರಾತ್ರಿ ಎಲ್ಲರಿಗೂ ಮಲಗಲು ಬಿಟ್ಟಾಗ ಶಕ್ತಿ ಮೊದಲಿನ ಮಟ್ಟಕ್ಕೆ ಬಂದಿತ್ತು. ಈ ಕೊನೆಯ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತು ರಾತ್ರಿ ಕಳೆದ ಮಗಳಿಗೆ, ಹಸುಗೂಸಿನ ಬಾಣಂತಿಗೆ ಯಾರಾದರೂ ಏನಾದರೂ ಹೇಳಬೇಕಿದ್ದರೆ ಇದನ್ನೇ ಹೇಳಬೇಕಿತ್ತು: ನಾಳೆ ಮಲಗಿ, ಸರಿಹೋಗುತ್ತದೆ. ಜನಕ್ಕೆ ತಲುಪಿದ್ದು ಎಪ್ಪತ್ತು ಮಾತ್ರ.

ಇನ್ನೊಂದು, ನಮಗೆ ಸಂಬಂಧವೇ ಇಲ್ಲದಿದ್ದರೂ ನಮ್ಮ ಫೋನುಗಳಲ್ಲಿ ಓಡಾಡುವ ಅಂಕಿ. ಬೇಸಿಗೆ ಶುರುವಾಗುವಾಗ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ದೇಶಗಳಲ್ಲಿ ಮರುದಿನ ಹೃದಯಾಘಾತ ಶೇ 24ರಷ್ಟು ಏರುತ್ತದೆ, ಚಳಿಗಾಲಕ್ಕೆ ಹಿಂದೆ ತಿರುಗಿಸಿದಾಗ ಶೇ 21ರಷ್ಟು ಇಳಿಯುತ್ತದೆ. ನೋಡಿ, ಒಂದೇ ಒಂದು ಗಂಟೆಯ ನಿದ್ದೆಗೆ ಎಂಥ ಬೆಲೆ! ಮಿಷಿಗನ್ ರಾಜ್ಯದ ಆಸ್ಪತ್ರೆಗಳ ದಾಖಲೆ ಆಧರಿಸಿ 2014ರಲ್ಲಿ ಬಂದ ಅಧ್ಯಯನದಲ್ಲಿ ಈ ಎರಡೂ ಸಂಖ್ಯೆಗಳಿವೆ, ಸುಳ್ಳಲ್ಲ. ಏರಿದ್ದು ಸೋಮವಾರ, ಇಳಿದದ್ದು ಮಂಗಳವಾರ. ಆದರೆ ಇಡೀ ವಾರದ ಲೆಕ್ಕ ಹಾಕಿದರೆ ಹೃದಯಾಘಾತಗಳ ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸ ಇರಲಿಲ್ಲ ಎಂದು ಅದೇ ಅಧ್ಯಯನ ಹೇಳುತ್ತದೆ. ಅಂದರೆ ಆ ವಾರದೊಳಗೆ ಹೇಗಿದ್ದರೂ ಆಗಲಿದ್ದದ್ದು ಎರಡು ದಿನ ಹಿಂದೆ ಮುಂದೆ ಆಗಿರುವ ಸಾಧ್ಯತೆ ಹೆಚ್ಚು. ಆ ಸಾಲು ಯಾವ ಭಾಷಣದಲ್ಲೂ ಬರುವುದಿಲ್ಲ. ವರ್ಷವಿಡೀ ಒಂದೇ ಗಡಿಯಾರ ನೋಡಿಕೊಂಡು ಬದುಕುವ ನಾವು ಇದನ್ನು ಫಾರ್ವರ್ಡ್ ಮಾಡುತ್ತಲೇ ಇರುತ್ತೇವೆ.

ಈಗ ಆಯುಸ್ಸಿನ ಪ್ರಶ್ನೆ. ಡೇನಿಯಲ್ ಕ್ರಿಪ್ಕೆ ಎಂಬ ವೈದ್ಯ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಸಂಗ್ರಹಿಸಿದ್ದ 11 ಲಕ್ಷ ಜನರ ಮಾಹಿತಿ ಇತ್ತು. ಆರು ವರ್ಷದ ಅವಧಿಯಲ್ಲಿ ಅತಿ ಕಡಿಮೆ ಸಾವು ಕಂಡದ್ದು ಏಳು ಗಂಟೆ ಮಲಗುತ್ತೇವೆ ಎಂದವರಲ್ಲಿ. ಆರು ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿ ಸಾವು ಹೆಚ್ಚಿತ್ತು, ಎಂಟು ಮತ್ತು ಅದರ ಮೇಲೆ ಮಲಗುವವರಲ್ಲೂ ಹೆಚ್ಚಿತ್ತು. ಆಮೇಲೆ ಬಂದ ಹಲವು ದೊಡ್ಡ ಅಧ್ಯಯನಗಳಲ್ಲೂ ಇದೇ ಆಕಾರ ಕಂಡಿದೆ, ಎರಡು ತುದಿಯಲ್ಲಿ ಎತ್ತರ, ನಡುವೆ ತಗ್ಗು. 'ಕಡಿಮೆ ಮಲಗಿದಷ್ಟೂ ಬೇಗ ಸಾಯುತ್ತೀರಿ' ಎಂಬ ಒಂದೇ ದಿಕ್ಕಿನ ಗೆರೆ ಈ ದತ್ತಾಂಶದಲ್ಲಿ ಇಲ್ಲ.

ಹಾಗಂತ ಎಂಟೂವರೆ ಗಂಟೆ ಮಲಗುವವರು ಅಲಾರಂ ಇಟ್ಟು ಏಳಬೇಕೇ? ಅದೂ ಬೇಡ. ಕಾಯಿಲೆ ಇರುವವರು, ಖಿನ್ನತೆ ಇರುವವರು, ಕೆಲಸವಿಲ್ಲದೆ ಮನೆಯಲ್ಲಿರುವವರು ಹೆಚ್ಚು ಹೊತ್ತು ಮಲಗುತ್ತಾರೆ. ಅಲ್ಲಿ ಸಾವಿಗೆ ನಿದ್ದೆಯನ್ನು ಹೊಣೆ ಮಾಡುವುದು ತಪ್ಪಾದೀತು. ಇದೇ ಅನುಮಾನ ಕಡಿಮೆ ನಿದ್ದೆಯ ಕಡೆಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯುತ್ತೇವೆ, ಅಷ್ಟೇ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 25 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾದಾಗ, ಐವತ್ತರ ನಂತರ ಆರು ಗಂಟೆಗಿಂತ ಹೆಚ್ಚು ಮಲಗದವರಿಗೆ ಮರೆವಿನ ಕಾಯಿಲೆಯ ಅಪಾಯ ಶೇ 30 ಜಾಸ್ತಿ ಎಂದು ಸುದ್ದಿಯಾಯಿತು. ಓದಿದವರು ತಮಗೆ ಆ ರೋಗ ಬರುವ ಸಂಭವವೇ ನೂರಕ್ಕೆ ಮೂವತ್ತು ಎಂದು ತಿಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆ ಅಧ್ಯಯನದಲ್ಲಿದ್ದದ್ದು 7,959 ಜನ. 25 ವರ್ಷಗಳಲ್ಲಿ ಕಾಯಿಲೆ ಕಂಡದ್ದು 521 ಮಂದಿಗೆ. ನೂರಕ್ಕೆ ಆರೂವರೆ. ಅದರ ಮೇಲೆ ಶೇ 30 ಅಂದರೆ ನೂರಕ್ಕೆ ಎರಡು ಜನ ಹೆಚ್ಚು. ಕಡೆಗಣಿಸುವ ಸಂಖ್ಯೆಯಲ್ಲ, ಹಾಗೆಂದು ಎದೆ ಒಡೆದುಕೊಳ್ಳುವ ಸಂಖ್ಯೆಯೂ ಅಲ್ಲ. ಮರೆವಿನ ಕಾಯಿಲೆ ಹೊರಗೆ ಕಾಣಿಸುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತದೆ, ಅದೇ ನಿದ್ದೆ ಕೆಡಿಸುತ್ತಿರಬಹುದು ಎಂಬ ಪ್ರಶ್ನೆಯೂ ಇದೆ. ಸಂಶೋಧಕರು ಐವತ್ತರ ವಯಸ್ಸಿನಿಂದಲೇ ಹಿಂಬಾಲಿಸಿದ್ದು ಈ ಗೋಜಲನ್ನು ಬಿಡಿಸಲಿಕ್ಕೆ. ಪೂರ್ತಿ ಬಿಡಿಸಿಕೊಂಡಿದೆ ಎಂದು ಅವರೂ ಹೇಳುವುದಿಲ್ಲ.

ಪುಸ್ತಕದಲ್ಲಿ ವಾಕರ್ ಇನ್ನೊಂದು ಮಾತನ್ನೂ ತೇಲಿಬಿಡುತ್ತಾರೆ: ನಾಲ್ಕೈದು ಗಂಟೆ ಮಾತ್ರ ಮಲಗುತ್ತೇವೆ ಎನ್ನುತ್ತಿದ್ದ ಮಾರ್ಗರೆಟ್ ಥ್ಯಾಚರ್, ರೊನಾಲ್ಡ್ ರೇಗನ್ ಇಬ್ಬರಿಗೂ ಕೊನೆಗೆ ಮರೆವಿನ ಕಾಯಿಲೆಯೇ ಬಂತಲ್ಲ. ಇಬ್ಬರೂ ಎಂಬತ್ತು ದಾಟಿ ಬದುಕಿದವರು. ಇಬ್ಬರ ಉದಾಹರಣೆಯಿಂದ ಏನಾದರೂ ಸಿದ್ಧವಾಗುವುದಿದ್ದರೆ ನಮ್ಮಲ್ಲಿ ಹದಿನಾಲ್ಕು ವರ್ಷ ಕಣ್ಣು ಮುಚ್ಚದ ಲಕ್ಷ್ಮಣನಿದ್ದಾನೆ, ಆರು ತಿಂಗಳು ಮಲಗಿದ ಕುಂಭಕರ್ಣನಿದ್ದಾನೆ. ಯುದ್ಧದಲ್ಲಿ ಯಾರು ಉಳಿದರು ಎಂಬುದನ್ನು ಎಲ್ಲರೂ ಬಲ್ಲರು.

ರಾತ್ರಿ ಪಾಳಿಯವರನ್ನು ಕಾಡುವ ಅಂಕಿ ಬೇರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು, 2019ರಲ್ಲಿ ಅದನ್ನೇ ಉಳಿಸಿಕೊಂಡಿತು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ದುಡಿಯುವವರಿಗೆ, ಆಸ್ಪತ್ರೆಯ ನರ್ಸುಗಳಿಗೆ ಈ ಸುದ್ದಿ ತಲುಪುವಾಗ ಅದು ಸಿಗರೇಟಿನ ಸಾಲಿಗೆ ಸೇರಿಬಿಟ್ಟಿರುತ್ತದೆ. ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ ಮಾಂಸವನ್ನೂ ಒಳಗೊಂಡ ಕೆಂಪು ಮಾಂಸ 2ಎ ಗುಂಪಿನಲ್ಲೇ ಇದೆ. ತಂಬಾಕಿನದು ಒಂದನೇ ಗುಂಪು.

ಇಷ್ಟು ಓದಿದವರಿಗೆ, ಹಾಗಾದರೆ ನಿದ್ದೆಯ ಬಗ್ಗೆ ಹೇಳಿದ್ದೆಲ್ಲ ಬೊಗಳೆಯೇ ಎಂಬ ಅನುಮಾನ ಬರಬಹುದು. ಬರಬಾರದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಪಾಲಿಗೆ ಈ ಕ್ಷೇತ್ರದ ಅತ್ಯಂತ ಗಟ್ಟಿ ಕೆಲಸಗಳಲ್ಲಿ ಒಂದು. ಒಟ್ಟು 48 ಆರೋಗ್ಯವಂತರು. ಕೆಲವರನ್ನು ಪ್ರಯೋಗಾಲಯದಲ್ಲೇ ಇರಿಸಿ 14 ರಾತ್ರಿ ಎಂಟು ಗಂಟೆ ಮಲಗಲು ಬಿಟ್ಟರು, ಕೆಲವರಿಗೆ ಆರು, ಕೆಲವರಿಗೆ ನಾಲ್ಕೇ ಗಂಟೆ ಕೊಟ್ಟರು. ಹಗಲಲ್ಲಿ ಪದೇ ಪದೇ ಗಮನದ ಪರೀಕ್ಷೆ: ಪರದೆಯ ಮೇಲೆ ಸೂಚನೆ ಕಂಡಕೂಡಲೇ ಗುಂಡಿ ಒತ್ತಬೇಕು. ಆರು ಗಂಟೆಯವರೂ ನಾಲ್ಕು ಗಂಟೆಯವರೂ ದಿನದಿಂದ ದಿನಕ್ಕೆ ಕೆಡುತ್ತ ಹೋದರು. ಎರಡು ವಾರದ ಹೊತ್ತಿಗೆ ಅವರ ತಪ್ಪುಗಳು ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟ ಮುಟ್ಟಿದ್ದವು. ವಿಚಿತ್ರವೆಂದರೆ, ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದಾಗ ಅವರ ಉತ್ತರ ಮೊದಲ ಕೆಲವು ದಿನ ಏರಿ ಅಲ್ಲೇ ನಿಂತುಬಿಟ್ಟಿತ್ತು. ತಾವು ಎಷ್ಟು ಕೆಟ್ಟಿದ್ದೇವೆ ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. 'ನನಗೆ ಅಭ್ಯಾಸವಾಗಿದೆ ಬಿಡಿ' ಎಂದು ನಸುಕಿನ ನಾಲ್ಕಕ್ಕೆ ಸ್ಟಿಯರಿಂಗ್ ಹಿಡಿಯುವ ಡ್ರೈವರಣ್ಣನಿಗೆ ತಲುಪಬೇಕಾದ ವಿಜ್ಞಾನ ಇದು. ಇದರಲ್ಲಿ ಉತ್ಪ್ರೇಕ್ಷೆಗೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ.

ದೊಡ್ಡವರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಎಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2015ರಲ್ಲಿ ಹೇಳಿತು. ಅದೇ ವರ್ಷ ನ್ಯಾಷನಲ್ ಸ್ಲೀಪ್ ಫೌಂಡೇಶನ್ ಹೇಳಿದ್ದು 64 ವರ್ಷದವರೆಗೆ ಏಳರಿಂದ ಒಂಬತ್ತು, 65 ದಾಟಿದವರಿಗೆ ಏಳರಿಂದ ಎಂಟು. ಇದೊಂದು ಹರವು. ಎಂಟು ಎಂಬ ಒಂದೇ ಅಂಕಿ ಜನರ ಬಾಯಲ್ಲಿ ಕೂತದ್ದು ಹೇಳಲು ಸುಲಭವೆಂದು. ಆರೂಮುಕ್ಕಾಲು ಗಂಟೆ ಮಲಗಿ ಹಗಲೆಲ್ಲ ಲವಲವಿಕೆಯಿಂದ ಇರುವ ಅರವತ್ತೆಂಟರ ಅಜ್ಜಿ, ಇನ್ನೂ ಒಂದೂಕಾಲು ಗಂಟೆ ಬಾಕಿ ಉಳಿದಿದೆ ಎಂದು ಕೊರಗುವುದು ಈ ಅಂಕಿಯ ಕೃಪೆ.

ಆದಿಮಾನವ ಹೀಗೆ ಮಲಗುತ್ತಿದ್ದ ಎಂಬ ಕಥೆಗಳದ್ದೂ ಇದೇ ಪಾಡು. ತಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ, ವಿದ್ಯುತ್ತಿಲ್ಲದ ಈ ಮೂರು ಸಮುದಾಯಗಳ 94 ಜನರ ನಿದ್ದೆಯನ್ನು ಜೆರೋಮ್ ಸೀಗಲ್ ತಂಡ ಕೈಗೆ ಕಟ್ಟುವ ಉಪಕರಣದಿಂದ ಅಳೆದು 2015ರಲ್ಲಿ ಪ್ರಕಟಿಸಿತು. ಸೂರ್ಯ ಮುಳುಗುತ್ತಲೇ ಮಲಗುತ್ತಾರೆ ಎಂದುಕೊಂಡಿದ್ದವರಿಗೆ ನಿರಾಸೆ: ಮಲಗುತ್ತಿದ್ದದ್ದು ಸರಾಸರಿ ಮೂರು ಗಂಟೆಗೂ ಮೀರಿ ತಡವಾಗಿ. ನಿದ್ದೆ ದಿನಕ್ಕೆ 5.7ರಿಂದ 7.1 ಗಂಟೆ. ಇನ್ನು ಇತಿಹಾಸಕಾರ ರೋಜರ್ ಎಕಿರ್ಚ್ ಯುರೋಪಿನ ಹಳೆಯ ದಾಖಲೆಗಳಲ್ಲಿ ಕಂಡ 'ಎರಡು ಕಂತಿನ ನಿದ್ದೆ'ಯನ್ನು, ನಡುರಾತ್ರಿ ಎದ್ದು ಒಂದಷ್ಟು ಹೊತ್ತು ಎಚ್ಚರವಿದ್ದು ಮತ್ತೆ ಮಲಗುವುದನ್ನು, ಇಡೀ ಮಾನವಕುಲದ ಸಹಜ ರೀತಿ ಎಂದು ಮಾರುವವರಿದ್ದಾರೆ. ಸೀಗಲ್ ತಂಡಕ್ಕೆ ಅದು ಕಾಣಲಿಲ್ಲ. ಪ್ರಯೋಗಾಲಯದಿಂದ ಬಂದ ಕಥೆಗಳೂ ಬೇರೆಯಲ್ಲ. ಮಿದುಳಿನ ಕಸ ನಿದ್ದೆಯಲ್ಲಿ ತೊಳೆದುಹೋಗುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡದ್ದು ಪಠ್ಯಪುಸ್ತಕದ ಸತ್ಯದಂತೆ ಹರಡಿತು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಅವರೂ ಇಲಿಗಳಲ್ಲೇ, ನಿದ್ದೆಯಲ್ಲಿ ಆ ತೊಳೆತ ಕಡಿಮೆಯಾಗುತ್ತದೆ ಎಂಬ ಫಲಿತಾಂಶ ಮುಂದಿಟ್ಟರು. ಜಗಳ ಇನ್ನೂ ಮುಗಿದಿಲ್ಲ. ಮಲಗುವ ಮುನ್ನ ಪರದೆ ನೋಡಿದರೆ ನಿದ್ದೆ ಹಾಳು ಎಂಬುದಕ್ಕೆ ಪದೇ ಪದೇ ತೋರಿಸುವ ಪ್ರಯೋಗದಲ್ಲಿ 12 ಜನ ಕತ್ತಲೆಯಂಥ ಕೋಣೆಯಲ್ಲಿ ಪೂರ್ತಿ ಬೆಳಕಿನ ಐಪ್ಯಾಡನ್ನು ನಾಲ್ಕು ಗಂಟೆ ಓದಿದ್ದರು. ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ಅವರಿಗೆ ನಿದ್ದೆ ಬಂದದ್ದು ಸುಮಾರು ಹತ್ತು ನಿಮಿಷ ತಡವಾಗಿ.

ಒಳ್ಳೆಯದಕ್ಕೇ ಹೇಳಿದ್ದಲ್ಲವೆ, ಸ್ವಲ್ಪ ಉಪ್ಪುಖಾರ ಸೇರಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ವೈದ್ಯ ಮಿತ್ರರೇ ಕೇಳುತ್ತಾರೆ. ಸಿಗರೇಟಿನ ಬಗ್ಗೆ ಹೆದರಿಸಿದರೆ ಬಹುಶಃ ಯಾರಿಗೂ ನಷ್ಟವಿಲ್ಲ. ಹೆದರಿದವನು ಒಂದು ಸಿಗರೇಟು ಕಡಿಮೆ ಸೇದಿಯಾನು. ನಿದ್ದೆಯ ವಿಷಯದಲ್ಲಿ ಹೆದರಿಕೆಯೇ ರೋಗ. ಇಂಥ ಪುಸ್ತಕ ಕೊಂಡು ಓದುವವರಲ್ಲಿ ನಿದ್ದೆ ಬಾರದೆ ಒದ್ದಾಡುವವರು ಇದ್ದೇ ಇರುತ್ತಾರೆ. ಬೇಕೆಂದೇ ನಿದ್ದೆಗೆಡುವವನು ಅದನ್ನು ಮುಟ್ಟುವುದು ಅಪರೂಪ. ಒದ್ದಾಡುವವನಿಗೆ, ಈ ಹೊತ್ತು ನಿದ್ದೆ ಬರದಿದ್ದರೆ ನಾಳೆ ಕ್ಯಾನ್ಸರ್, ನಾಡಿದ್ದು ಮರೆವು ಎಂದರೆ ಅವನು ಗಡಿಯಾರ ನೋಡುತ್ತ ಲೆಕ್ಕ ಹಾಕುತ್ತಾನೆ: ಈಗ ಬಂದರೂ ಐದು ಗಂಟೆ, ಈಗ ಬಂದರೂ ನಾಲ್ಕೂವರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದ ನಮ್ಮ ಹಿರಿಯರಿಗೆ ಈ ಸೂಕ್ಷ್ಮ ಗೊತ್ತಿತ್ತು.

ನಿದ್ದೆ ಅಳೆಯುವ ಕೈಗಡಿಯಾರಗಳು ಬಂದ ಮೇಲೆ ಈ ಚಿಂತೆಗೆ ಅಂಕಪಟ್ಟಿಯೂ ಸಿಕ್ಕಿದೆ. ಗಡಿಯಾರ ಕೊಟ್ಟ ಅಂಕಿ ನೋಡಿ ನಿದ್ದೆ ಕೆಡಿಸಿಕೊಂಡು ವೈದ್ಯರ ಬಳಿ ಬರುವವರ ಸ್ಥಿತಿಗೆ 2017ರಲ್ಲಿ ಅಮೆರಿಕದ ವೈದ್ಯರು 'ಆರ್ಥೊಸೋಮ್ನಿಯಾ' ಎಂದು ಹೆಸರಿಟ್ಟರು. ಮರುವರ್ಷ ಬ್ರಿಟನ್ನಿನ ಸಂಶೋಧಕರು ನಿದ್ದೆಯ ತೊಂದರೆ ಇದ್ದ 63 ಜನರಿಗೆ ಉಪಕರಣ ಕಟ್ಟಿ, ಬೆಳಿಗ್ಗೆ ಕೆಲವರಿಗೆ ಚೆನ್ನಾಗಿ ಮಲಗಿದ್ದೀರಿ ಎಂದೂ ಕೆಲವರಿಗೆ ಸರಿಯಾಗಿ ಮಲಗಿಲ್ಲ ಎಂದೂ ವರದಿ ಕೊಟ್ಟರು. ಎರಡೂ ಕಟ್ಟುಕಥೆ. ಸರಿಯಾಗಿ ಮಲಗಿಲ್ಲ ಎನ್ನಿಸಿಕೊಂಡವರು ಆ ದಿನ ಹೆಚ್ಚು ಸುಸ್ತಾಗಿದ್ದರು.

ನಮಗೆ ಹತ್ತಿರದ, ಆದರೆ ನಮ್ಮ ಪುರವಣಿಗಳಲ್ಲಿ ಅಷ್ಟಾಗಿ ಸುದ್ದಿಯಾಗದ ಒಂದು ಪ್ರಯೋಗ ಚೆನ್ನೈಯಲ್ಲಿ ನಡೆಯಿತು. ಪೆಡ್ರೊ ಬೆಸೋನೆ, ಗೌತಮ್ ರಾವ್, ಫ್ರಾಂಕ್ ಶಿಲ್‌ಬಾಕ್, ಹೆದರ್ ಸ್ಕೋಫೀಲ್ಡ್, ಮ್ಯಾಟಿ ಟೋಮಾ ಎಂಬ ಅರ್ಥಶಾಸ್ತ್ರಜ್ಞರು 452 ಬಡ ಕೆಲಸಗಾರರಿಗೆ ಡೇಟಾ ಎಂಟ್ರಿಯ ತಾತ್ಕಾಲಿಕ ಕೆಲಸ ಕೊಟ್ಟು, ಕೈಗೆ ಉಪಕರಣ ಕಟ್ಟಿ, ಅವರ ರಾತ್ರಿಗಳನ್ನೂ ಹಗಲುಗಳನ್ನೂ ಅಳೆದರು. 2021ರಲ್ಲಿ ವರದಿ ಪ್ರಕಟವಾಯಿತು. ಈ ಜನ ಹಾಸಿಗೆಯ ಮೇಲೆ ಇರುತ್ತಿದ್ದದ್ದು ಎಂಟು ಗಂಟೆ. ನಿದ್ದೆ ಮಾಡುತ್ತಿದ್ದದ್ದು ಐದೂವರೆ. ಸೆಕೆ, ಸೊಳ್ಳೆ, ಬೀದಿಯ ಸದ್ದು, ಮೈಕೈ ನೋವು, ಸಾಲದ ಯೋಚನೆ. ವಾಕರ್ ಪುಸ್ತಕದ ಸಲಹೆಯಂತೆ ನೋಡಿದರೆ ಇವರು ತಪ್ಪೇನೂ ಮಾಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಲಗುತ್ತಲೇ ಇದ್ದರು.

ಇವರಲ್ಲಿ ಕೆಲವರಿಗೆ ಕಣ್ಣಪಟ್ಟಿ, ಕಿವಿಗೆ ಇಯರ್‌ಪ್ಲಗ್, ಮಂಚ, ಹಾಸಿಗೆ, ಫ್ಯಾನ್ ಇತ್ಯಾದಿ ಕೊಟ್ಟು, ನಿದ್ದೆಯ ಮಹತ್ವ ತಿಳಿಸಿ, ಮೂರು ವಾರ ಹೆಚ್ಚು ಮಲಗುವಂತೆ ಮಾಡಿದರು. ನಿದ್ದೆ ರಾತ್ರಿಗೆ 27 ನಿಮಿಷ ಹೆಚ್ಚಾಯಿತು. ಇದರಿಂದ ಕೆಲಸ ಚುರುಕಾಗುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ತಜ್ಞರು ಮೊದಲೇ ಊಹಿಸಿದ್ದರು. ಗುರುತಿಸುವಂಥ ಯಾವ ಬದಲಾವಣೆಯೂ ಕಾಣಲಿಲ್ಲ. ಇನ್ನು ಕೆಲವರಿಗೆ ಮಧ್ಯಾಹ್ನ ಆಫೀಸಿನಲ್ಲೇ ಅರ್ಧ ಗಂಟೆ ಮಲಗಲು ಅವಕಾಶ ಕೊಟ್ಟಿದ್ದರು. ಅಷ್ಟರಲ್ಲೇ ಅವರ ಗಮನ, ಕೆಲಸದ ವೇಗ, ಮನಸ್ಸಿನ ಸ್ಥಿತಿ ಎಲ್ಲವೂ ಸುಧಾರಿಸಿದವು. ಇಲ್ಲೂ ಒಂದು 'ಆದರೆ' ಇದೆ: ಆ ಅರ್ಧ ಗಂಟೆ ಮಲಗದೆ ಕೆಲಸ ಮಾಡಿದವರಿಗೆ ಹೋಲಿಸಿದರೆ, ದುಡಿದ ಹೊತ್ತು ಕಡಿಮೆಯಾದ್ದರಿಂದ ಒಟ್ಟು ಸಂಪಾದನೆಯಲ್ಲಿ ಮಲಗಿದವರಿಗೆ ಲಾಭವಾಗಲಿಲ್ಲ. ರಾತ್ರಿಯ 27 ನಿಮಿಷ ಯಾಕೆ ಕೆಲಸಕ್ಕೆ ಬರಲಿಲ್ಲ? ಮುರಿದು ಮುರಿದು ಬರುವ ನಿದ್ದೆಗೆ ಇನ್ನೂ ಒಂದಷ್ಟು ಮುರುಕು ನಿದ್ದೆ ಸೇರಿತಷ್ಟೇ, ಗುಣ ಬದಲಾಗಲಿಲ್ಲ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ. ಎಂಟು ಗಂಟೆ ಮಲಗಿ ಎಂಬ ಉಪದೇಶ ಯಾರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದು ಕೇಳಿಕೊಳ್ಳುವ ಹಾಗಾಗುತ್ತದೆ.

ಹಗಲು ನಿದ್ದೆ ಎಂದಕೂಡಲೇ ನಮ್ಮಲ್ಲಿ ಒಬ್ಬರಾದರೂ 'ಆಯುರ್ವೇದದಲ್ಲಿ ಕೂಡದು ಅಂತಿದೆ' ಎನ್ನುತ್ತಾರೆ. ಚರಕ ಸಂಹಿತೆ ಹಗಲು ನಿದ್ದೆ ಬೇಡ ಎನ್ನುವುದು ನಿಜ. ಜೊತೆಗೇ ಬೇಸಿಗೆಯಲ್ಲಿ ಸರಿ ಎನ್ನುತ್ತದೆ, ಮುದುಕರಿಗೆ, ಮಕ್ಕಳಿಗೆ, ಬಡಕಲಾದವರಿಗೆ, ಹೊರೆ ಹೊತ್ತು ಬಳಲಿದವರಿಗೆ, ದಾರಿ ನಡೆದು ದಣಿದವರಿಗೆ ಆಗಬಹುದು ಎನ್ನುತ್ತದೆ. ಚರಕನಿಗೂ ಇಂದಿನ ಫಾರ್ವರ್ಡ್ ವೀರರು ಕಂಬ ಕತ್ತರಿಸಿದ್ದಾರೆ.

ಗಂಟೆ ಎಣಿಸುವ ಈ ಗದ್ದಲದಲ್ಲಿ ಹಿಂದೆ ಸರಿದದ್ದು ಗೊರಕೆ. 'ಎಂಥ ಗಾಢ ನಿದ್ದೆ ನೋಡು, ಮಾಡು ಹಾರಿಹೋಗುವ ಹಾಗೆ ಗೊರಕೆ ಹೊಡೀತಿದ್ದಾರೆ' ಎಂದು ಮನೆಮಂದಿ ನಗುವುದಿದೆ. ಜೋರು ಗೊರಕೆ ಮಧ್ಯೆ ಹಠಾತ್ತನೆ ನಿಂತು, ಕೆಲವು ಸೆಕೆಂಡು ಉಸಿರೇ ಇಲ್ಲದಂತಾಗಿ, ಆಮೇಲೆ ಉಸಿರುಕಟ್ಟಿದವರಂತೆ ಬೆಚ್ಚಿ ಮತ್ತೆ ಶುರುವಾಗುತ್ತಿದ್ದರೆ ಅದು ಗಾಢ ನಿದ್ದೆಯಲ್ಲ. ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲ ದಾರಿ ಕುಸಿದು ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ತಗ್ಗುತ್ತದೆ, ಮಿದುಳು ಎಬ್ಬಿಸುತ್ತದೆ, ರಾತ್ರಿಯಲ್ಲಿ ಹತ್ತಾರು ಸಲ. ಇಂಥವರು ಒಂಬತ್ತು ಗಂಟೆ ಮಲಗಿದರೂ ಊಟದ ನಂತರ ಕುರ್ಚಿಯಲ್ಲೇ ತೂಕಡಿಸುತ್ತಾರೆ, ಬಿಪಿ ಮಾತ್ರೆಗೆ ಬಗ್ಗುವುದಿಲ್ಲ. ಇದಕ್ಕೆ ಪರೀಕ್ಷೆ ಇದೆ, ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರವಿದೆ. ದೊಡ್ಡ ಆಸ್ಪತ್ರೆಗಳಲ್ಲಿ ನಿದ್ರಾ ಪ್ರಯೋಗಾಲಯಗಳಿವೆ. ಪಕ್ಕದಲ್ಲಿ ಮಲಗುವ ಹೆಂಡತಿಯ ಮಾತನ್ನು ವೈದ್ಯರು ಕಿವಿಗೊಟ್ಟು ಕೇಳುವ ಕಾಯಿಲೆ ಇದು.

ನಿದ್ದೆ ಬಾರದವರ ಕಥೆ ಇನ್ನೂ ತಿರುವುಮುರುವು. ತಿಂಗಳುಗಟ್ಟಲೆ ಕಾಡುವ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ವರ್ತನೆಯ ಚಿಕಿತ್ಸೆ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಆ ಚಿಕಿತ್ಸೆಯ ಒಂದು ಮುಖ್ಯ ಭಾಗವನ್ನು 1980ರ ದಶಕದಲ್ಲಿ ರೂಪಿಸಿದವರು ಆರ್ಥರ್ ಸ್ಪೀಲ್‌ಮನ್. ಅದು ಹೇಳುವುದು ಹಾಸಿಗೆಯ ಮೇಲೆ ಇರುವ ಹೊತ್ತನ್ನು ಕಡಿಮೆ ಮಾಡಿ ಎಂದು! ಎಂಟೂವರೆ ಗಂಟೆ ಹೊರಳಾಡಿ ಐದೂವರೆ ಗಂಟೆ ನಿದ್ದೆ ಮಾಡುವವರಿಗೆ ರಾತ್ರಿ ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳಿ ಎನ್ನುತ್ತಾರೆ. ಅದಕ್ಕೆ ಮೊದಲು ಹಾಸಿಗೆ ಹತ್ತುವ ಹಾಗಿಲ್ಲ, ಭಾನುವಾರವೂ ಆರಕ್ಕೇ ಏಳಬೇಕು. ನಿದ್ದೆಯ ಹಸಿವು ಏರಿ, ಮಲಗಿದ ಹೊತ್ತಿನ ಬಹುಪಾಲು ನಿದ್ದೆಯೇ ಆಗತೊಡಗಿದ ಮೇಲೆ ಹದಿನೈದು ಹದಿನೈದು ನಿಮಿಷದಂತೆ ಸೇರಿಸುತ್ತ ಹೋಗುತ್ತಾರೆ. ಐದು ಗಂಟೆಗಿಂತ ಕೆಳಗೆ ಸಾಮಾನ್ಯವಾಗಿ ಇಳಿಸುವುದಿಲ್ಲ. ಮೂರ್ಛೆರೋಗ ಇರುವವರಿಗೆ, ಬೈಪೋಲಾರ್ ಕಾಯಿಲೆಯವರಿಗೆ, ದೂರದ ಲಾರಿ ಬಸ್ಸು ಓಡಿಸುವವರಿಗೆ ಇದನ್ನು ಹೇಳುವ ಮೊದಲು ವೈದ್ಯರು ಎರಡು ಸಲ ಯೋಚಿಸುತ್ತಾರೆ. ಉಳಿದವರಿಗೂ, ಮೊದಲ ಒಂದೆರಡು ವಾರ ಹಗಲಲ್ಲಿ ತೂಕಡಿಕೆ ಈಗಿರುವುದಕ್ಕಿಂತ ಜಾಸ್ತಿಯೇ ಆಗುತ್ತದೆ, ಗಾಡಿ ಓಡಿಸುವಾಗ ಜೋಪಾನ ಎಂದು ಮೊದಲ ದಿನವೇ ಹೇಳಿ ಕಳಿಸುತ್ತಾರೆ.